ದಸರಾ ಗೊಂಬೆಗಳು ಹೊರಟವು, ಇನ್ನು ಥ್ಯಾಂಕ್ಸ್ ಹೇಳುವ ಕೆಲಸ

ದಸರಾ ಆರ್ಡರಿನ ಕೊನೆಯ ಪೆಟ್ಟಿಗೆ ನಿನ್ನೆ ರಾತ್ರಿ ಉಡುಪಿಯಿಂದ ಬೆಂಗಳೂರು ಬಸ್ಸು ಹತ್ತಿತು. ಈ ವರ್ಷ ಯಕ್ಷಗಾನದ ಗೊಂಬೆ ಸಿಗುತ್ತದೋ ಇಲ್ಲವೋ ಎಂದು ತುಂಬಾ ಜನ ಕೇಳಿದ್ದಿರಿ. ಸಿಕ್ಕಿತಲ್ಲ! ಆದರೆ ಅದು ನನ್ನೊಬ್ಬಳ ಕೈಯಿಂದ ಆದದ್ದಲ್ಲ. ಯಾರ ಯಾರ ಕೈ ಸೇರಿದೆ ಎಂದು ಬರೆದಿಡುತ್ತೇನೆ.

ಮೇ ಕೊನೆಯ ಪತ್ತನಾಜೆ (ಯಕ್ಷಗಾನ ಮೇಳಗಳು ಆ ವರ್ಷದ ಆಟ ಮುಗಿಸುವ ದಿನ) ಕಳೆದು ಮಳೆ ಹಿಡಿಯುವ ಹೊತ್ತಿಗೆ ನನ್ನ ಬಲಗಣ್ಣಿನ ರೆಟಿನಾ, ಎಂದರೆ ಕಣ್ಣಿನ ಹಿಂಬದಿಯ ನೋಟದ ಪರದೆ, ಕಳಚಿತು. ಮೊದಲು ಕಣ್ಣ ಮೂಲೆಯಲ್ಲಿ ಮಿಂಚು. ಆಮೇಲೆ ಕಪ್ಪು ಚುಕ್ಕಿಗಳು. ಅದಾಗಿ ಒಂದು ಬದಿಯಿಂದ ನೆರಳು ಇಳಿಯಲು ಶುರುವಾಯಿತು. ನೋವು ಮಾತ್ರ ಚೂರೂ ಇಲ್ಲ, ಮಾರಾಯ್ರೆ. ಈ ಕಾಯಿಲೆಯ ಮೋಸ ಇರುವುದೇ ಅಲ್ಲಿ. ನನಗೆ ಶಾಲೆಗೆ ಹೋಗುವಾಗಿನಿಂದಲೂ ದಪ್ಪ ಕನ್ನಡಕ. ಮೈನಸ್ ನಂಬರ್ ಜಾಸ್ತಿ ಇದ್ದವರಿಗೆ ರೆಟಿನಾ ಕಳಚುವ ಅಪಾಯವೂ ಜಾಸ್ತಿಯಂತೆ. ನಂಬರ್ ಬದಲಾಗಿರಬೇಕು ಎಂದು ಕನ್ನಡಕದ ಅಂಗಡಿಗೆ ಫೋನ್ ಮಾಡಿದೆ. ಅಲ್ಲಿಯ ಹುಡುಗಿ ನೆರಳಿನ ವಿಷಯ ಕೇಳಿದ್ದೇ, "ಇಲ್ಲಿಗೆ ಬರಬೇಡಿ ಅಕ್ಕ, ಈಗಲೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ" ಎಂದಳು. ಹೊಸ ಕನ್ನಡಕದ ವ್ಯಾಪಾರ ಬಿಟ್ಟು ನನ್ನ ಕಣ್ಣು ಉಳಿಸಿದ ಹುಡುಗಿ. ಮೊದಲ ಥ್ಯಾಂಕ್ಸ್ ಅವಳಿಗೇ.

ಆಪರೇಷನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಕೆಲವರಿಗೆ ತಲೆ ತಿರುಗುತ್ತದೆ. ಕಣ್ಣಿನೊಳಗಿನ ಲೋಳೆ ತೆಗೆದು, ರೆಟಿನಾವನ್ನು ಅದರ ಜಾಗಕ್ಕೆ ಕೂರಿಸಿ, ಹರಿದ ಕಡೆ ಲೇಸರ್ ಕೊಟ್ಟು, ಕೊನೆಗೆ ಗ್ಯಾಸ್ ತುಂಬಿದರು. ಆ ಗ್ಯಾಸಿನ ಗುಳ್ಳೆ ರೆಟಿನಾವನ್ನು ಒಳಗಿನಿಂದ ಒತ್ತಿ ಹಿಡಿಯುತ್ತದೆ. ಗುಳ್ಳೆ ಯಾವಾಗಲೂ ಮೇಲಕ್ಕೇ ಏರುವುದು. ಹಾಗಾಗಿ ಒತ್ತಬೇಕಾದ ಜಾಗ ಮೇಲೆ ಬರುವ ಹಾಗೆ ತಲೆ ಇಟ್ಟುಕೊಳ್ಳಬೇಕು. ನನ್ನ ಪಾಲಿಗೆ ಬಂದದ್ದು ಮುಖ ಕೆಳಗೆ ಹಾಕಿ ಕೂರುವುದು, ಹಾಗೆಯೇ ಮಲಗುವುದು. ಊಟಕ್ಕೆ, ಬಚ್ಚಲಿಗೆ ಬಿಟ್ಟರೆ ಉಳಿದ ಹೊತ್ತೆಲ್ಲ ನೆಲದ ದರ್ಶನ.

ದಿಂಬು ಪೇರಿಸಿ ಒದ್ದಾಡುತ್ತಿದ್ದಾಗ ಪಕ್ಕದ ಮನೆಯ ಬಡಗಿ ಅಣ್ಣ ಬಂದು, ನನ್ನ ಮುಖದ ಅಳತೆ ತೆಗೆದುಕೊಂಡು ಹೋದರು. ಮರುದಿನ ನಡುವೆ ತೂತು ಇರುವ ಒಂದು ಹಲಗೆ ತಂದರು, ಸುತ್ತ ಸ್ಪಂಜು ಹೊಡೆದದ್ದು. ಅದನ್ನು ಮೇಜಿನ ಅಂಚಿನಿಂದ ಮುಂದಕ್ಕೆ ಚಾಚಿ ಕೂರಿಸಿದರೆ ಹಣೆ ಅದರ ಮೇಲೆ ಕೂರುತ್ತದೆ, ಕೆಳಗೆ ಮಡಿಲಲ್ಲಿ ಎರಡೂ ಕೈ ಖಾಲಿ. ಕೈ ಖಾಲಿ ಇದ್ದರೆ ಸುಮ್ನೆ ಕೂರುವ ಜಾತಿಯವಳಲ್ಲ ನಾನು. ಡಾಕ್ಟರ್ ಹತ್ತಿರ ಕೇಳಿಸಿದೆ. ತಲೆ ಅಲ್ಲಾಡಬಾರದು, ದಿಟ್ಟಿಸಿ ನೋಡುವ ಕೆಲಸ ಬೇಡ, ಕೈ ಆಡಿಸಲು ಅಡ್ಡಿಯಿಲ್ಲ ಎಂದರು. ಹೊಲಿದಿಟ್ಟ ಕೈಕಾಲುಗಳಿಗೆ ಹತ್ತಿ ತುಂಬುವುದಕ್ಕೆ ಕಣ್ಣು ಯಾಕೆ? ಬೆರಳಿಗೇ ಗೊತ್ತಾಗುತ್ತದೆ. ಈ ಸಲದ ಗೊಂಬೆಗಳ ಮೊಣಕಾಲು ಸ್ವಲ್ಪ ಜಾಸ್ತಿಯೇ ಗಟ್ಟಿ. ಕುಣಿತಕ್ಕೆ ಒಳ್ಳೆಯದು ಬಿಡಿ.

ಇನ್ನು ನನ್ನ ಅತ್ತೆ. ಕಣ್ಣಿಗೆ ಮೂರು ಬಗೆಯ ಡ್ರಾಪ್ಸ್. ಒಂದನ್ನು ವಾರವಾರ ಕಮ್ಮಿ ಮಾಡುತ್ತಾ ಬರಬೇಕು, ಉಳಿದವುಗಳ ಲೆಕ್ಕ ಬೇರೆ, ಒಂದು ಹಾಕಿ ಇನ್ನೊಂದಕ್ಕೆ ಐದು ನಿಮಿಷ ಬಿಡಬೇಕು. ಬಾಟಲಿ ಮೇಲಿನ ಇಂಗ್ಲಿಷ್ ಅತ್ತೆಗೆ ಓದಲು ಬರುವುದಿಲ್ಲ. ನನ್ನ ಕಸೂತಿ ಪೆಟ್ಟಿಗೆಯಿಂದ ತಾವೇ ನೂಲು ತೆಗೆದು, ನನ್ನ ಮಗಳ ಹತ್ತಿರ ಕೇಳಿ ಕೇಳಿ, ಒಂದಕ್ಕೆ ಕೆಂಪು, ಒಂದಕ್ಕೆ ಹಳದಿ, ಒಂದಕ್ಕೆ ಹಸಿರು ಸುತ್ತಿಟ್ಟರು. ಒಂದು ಹೊತ್ತೂ ತಪ್ಪಲಿಲ್ಲ. ತಲೆಗೆ ನೀರು ಹಾಕಬಾರದು ಎಂದದ್ದೊಂದು ಮಾತ್ರ ಅವರಿಗೆ ಕೊನೆಯವರೆಗೂ ಸರಿ ಬರಲಿಲ್ಲ. ಎಣ್ಣೆ ಹಚ್ಚಿ ಮೀಯದೆ ಕಣ್ಣು ತಂಪಾಗುವುದು ಹೇಗೆ ಎಂದು ಡಾಕ್ಟರನ್ನೇ ಕೇಳಿದರು.

ಗ್ಯಾಸ್ ಇರುವವರೆಗೆ ವಿಮಾನವೂ ಇಲ್ಲ, ಘಟ್ಟವೂ ಇಲ್ಲ. ಎತ್ತರಕ್ಕೆ ಹೋದ ಹಾಗೆ ಹೊರಗಿನ ಗಾಳಿಯ ಒತ್ತಡ ಕಮ್ಮಿಯಾಗಿ ಕಣ್ಣಿನೊಳಗಿನ ಗುಳ್ಳೆ ಹಿಗ್ಗುತ್ತದೆ, ಕಣ್ಣಿನ ಒತ್ತಡ ಏರುತ್ತದೆ. ಕೆಲವು ಗ್ಯಾಸ್ 2-3 ವಾರಕ್ಕೆ ಕರಗುತ್ತದೆ, ನನಗೆ ಹಾಕಿದ್ದು 6ರಿಂದ 8 ವಾರ ಇರುವಂಥದ್ದು. ಅಕ್ಕನ ಮನೆ ತೀರ್ಥಹಳ್ಳಿಯಲ್ಲಿ. ಆಗುಂಬೆ ಹತ್ತದೆ ಹೋಗುವುದು ಹೇಗೆ? ಅವಳ ಮಗಳ ಸೀಮಂತ ತಪ್ಪಿತು. ನಾನು ಹೋಗದಿದ್ದರೇನಂತೆ, ಅಕ್ಕನೇ ಆ ಜಡಿಮಳೆಯಲ್ಲಿ ಘಟ್ಟ ಇಳಿದು ಬಂದಳು. ಸೀಮಂತದ ಹೋಳಿಗೆಯ ಜೊತೆಗೆ ಹಳೆಯ ಕಾಟನ್ ಸೀರೆಗಳ ಗಂಟೂ ಬಂತು, ಗೊಂಬೆಗಾಯಿತು ಎಂದು.

ಇವರೆಲ್ಲರಿಗಿಂತ ದೊಡ್ಡ ಸಾಲ ಇರುವುದು ಒಬ್ಬ ಮಾವನದು. ಸಂಬಂಧದಲ್ಲಿ ಮಾವ ಅಲ್ಲ, ಬೀದಿಯಲ್ಲಿ ಎಲ್ಲರಿಗೂ ಮಾವ. ಬಡಗುತಿಟ್ಟಿನ, ಎಂದರೆ ಬಡಗಣ ಶೈಲಿಯ ಯಕ್ಷಗಾನದ, ಮೇಳದಲ್ಲಿ ಕಲಾವಿದರಿಗೆ ವೇಷ ಕಟ್ಟುವವರು. ಪತ್ತನಾಜೆಗೆ ಮೇಳ ಗೆಜ್ಜೆ ಬಿಚ್ಚಿದರೆ ಮತ್ತೆ ತಿರುಗಾಟ ಶುರುವಾಗುವುದು ನವೆಂಬರ್ ಹೊತ್ತಿಗೆ. ಮಳೆಗಾಲದಲ್ಲಿ ಮನೆಯಲ್ಲೇ ಇದ್ದರು. ಒಂದು ದಿನ ನನ್ನನ್ನು ನೋಡಲು ಬಂದವರು ಅರ್ಧಕ್ಕೆ ನಿಂತ ಕೌರವನನ್ನು ಕೈಗೆತ್ತಿಕೊಂಡು, "ಇದು ಕಸೆ ಉಟ್ಟದ್ದೋ, ಲುಂಗಿ ಸುತ್ತಿದ್ದೋ?" ಎಂದರು. ಕಸೆ ಎಂದರೆ ವೇಷದ ಕಚ್ಚೆ. ಮಾರನೇ ದಿನದಿಂದ ಮಧ್ಯಾಹ್ನ ಚಾ ಹೊತ್ತಿಗೆ ಹಾಜರ್. ಚೌಕುಳಿ ಸೀರೆಯ ಕಸೆ ಉಡಿಸಿದರು. ರಟ್ಟಿಗೆ ಬೇಗಡೆ (ಹೊಳೆಯುವ ತೆಳು ಹಾಳೆ) ಅಂಟಿಸಿ ಭುಜಕೀರ್ತಿ, ಎದೆಕಟ್ಟು, ಸೊಂಟದ ದಾಬು ಮಾಡಿದರು. ಹೆಬ್ಬೆರಳಿನಷ್ಟು ತಲೆಗೆ ಮುಂಡಾಸು ಸುತ್ತಿ, ಜರಿಪಟ್ಟಿ ಎಳೆದು ಬಿಗಿದರು. ನಾನು ಇಷ್ಟು ವರ್ಷ ಮುಂಡಾಸನ್ನು ಅಂಟು ಹಾಕಿ ಕೂರಿಸುತ್ತಿದ್ದೆ. ಅವರು ಅದಕ್ಕೆ ಅಂಟು ಮುಟ್ಟಿಸಲಿಲ್ಲ, ಬರೀ ಕಟ್ಟು. ಈ ಸಲ ಮುಂಡಾಸು ಚಂದ ಬಂದಿದೆ ಎಂದು ಬರೆದವರೆಲ್ಲ ಕೇಳಿ, ಅದು ಮಾವನದು.

ಮುಖ ಮಾತ್ರ ಬರೆಯಲಿಲ್ಲ. ಎಷ್ಟು ಕೇಳಿದರೂ ಇಲ್ಲ. "ನಮ್ಮದು ಕಟ್ಟುವುದು. ಬಣ್ಣ ವೇಷಧಾರಿ ತಾನೇ ಹಾಕಿಕೊಳ್ಳುವುದಲ್ವಾ" ಎಂದರು. ಚೌಕಿಯಲ್ಲಿ (ಮೇಳದ ಬಣ್ಣದ ಮನೆಯಲ್ಲಿ) ಹಾಗೇ, ಕಲಾವಿದರು ಕನ್ನಡಿ ಹಿಡಿದು ತಮ್ಮ ಬಣ್ಣ ತಾವೇ ಬರೆದುಕೊಳ್ಳುತ್ತಾರೆ. ಹಾಗಾಗಿ ಕೌರವ, ಕರ್ಣ, ಕೃಷ್ಣ ಎಲ್ಲರೂ ಪೂರ್ತಿ ವೇಷ ಕಟ್ಟಿಕೊಂಡು, ಮುಖವಿಲ್ಲದೆ ಕಪಾಟಿನಲ್ಲಿ ನಿಂತರು. ಮನೆಗೆ ಬಂದ ಮಕ್ಕಳು ಹೆದರಿದ್ದೂ ಉಂಟು.

ಗುಳ್ಳೆ ಕರಗುವುದು ಕಾಣುತ್ತದೆ. ಕಣ್ಣ ಮುಂದೆ ಒಂದು ಅಡ್ಡಗೆರೆ, ಲೋಟದ ನೀರಿನ ಹಾಗೆ ಅಲ್ಲಾಡುತ್ತಾ ದಿನದಿನ ಕೆಳಗಿಳಿಯುತ್ತದೆ. ಕೊನೆಗೆ ದುಂಡನೆಯ ಬೊಟ್ಟಾಗಿ, ಒಂದು ದಿನ ಇಲ್ಲ. ಡಾಕ್ಟರ್ ಹ್ಞೂಂ ಎಂದ ಮೇಲೆ ಕುಂಚ ಹಿಡಿದೆ. ಬಲಗಣ್ಣು ಇನ್ನೂ ಮಂಜು, ನಡೆಸಿದ್ದು ಎಡಗಣ್ಣು. ಒಂದೇ ಕಣ್ಣಿಗೆ ದೂರದ ಅಂದಾಜು ಸಿಗುವುದಿಲ್ಲ. ಸೂಜಿ ಒಂದು ಕಡೆ, ನೂಲು ಇನ್ನೊಂದು ಕಡೆ. ಕುಂಚ ಮುಟ್ಟಿತು ಎಂದುಕೊಂಡರೆ ಇನ್ನೂ ಗಾಳಿಯಲ್ಲೇ. ಕಿರುಬೆರಳನ್ನು ಗೊಂಬೆಯ ಗದ್ದಕ್ಕೆ ಊರಿಕೊಂಡು ಬರೆಯುವುದು ಅಭ್ಯಾಸವಾಯಿತು. ನೂಲು ಪೋಣಿಸಿಕೊಟ್ಟದ್ದು ಮಗಳು. ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಸೂಜಿಗಳನ್ನೆಲ್ಲ ನೂಲು ಹಾಕಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಿದ್ದಳು.

ಗಿರಾಕಿಗಳ ವಿಷಯ. ಅಷ್ಟಮಿಗೆ ಕೃಷ್ಣ ಕೇಳಿದವರಿಗೆ ಕೊಡಲು ಆಗಲಿಲ್ಲ. ಮುಂಗಡ ವಾಪಸ್ ಕಳಿಸಿದರೆ ಕೆಲವರು ಅದನ್ನು ದಸರಾಕ್ಕೆ ಎಂದು ತಿರುಗಿ ಹಾಕಿದಿರಿ. ಕೆಲವರು ತೆಗೆದುಕೊಂಡಿರಿ, ಅದೂ ಸರಿಯೇ, ನಿಮಗೂ ಥ್ಯಾಂಕ್ಸ್, ಯಾರೂ ಗದರಲಿಲ್ಲ. ಕಣ್ಣಿಗೆ ಜೇನು ಬಿಡಿ, ನಂದಿಬಟ್ಟಲ ಹೂವಿನ ರಸ ಬಿಡಿ ಎಂದವರ ಮನಸ್ಸು ಒಳ್ಳೆಯದೇ. ಆದರೆ ಆಪರೇಷನ್ ಆದ ಕಣ್ಣಿಗೆ ಅದನ್ನೆಲ್ಲ ಬಿಡಬಾರದು, ದಯವಿಟ್ಟು ಬೇರೆಯವರಿಗೂ ಹೇಳಬೇಡಿ.

ಈ ಆಪರೇಷನ್ ಆದ ಕಣ್ಣಿಗೆ ಪೊರೆ ಬೇಗ ಬರುತ್ತದೆ, ನನಗೂ ಶುರುವಾಗಿದೆ. ಮುಂದಿನ ವರ್ಷ ಅದನ್ನೂ ತೆಗೆಸಬೇಕು. ಹಾಗಾಗಿ ಹೊಸ ಆರ್ಡರ್ ಕಮ್ಮಿ ತೆಗೆದುಕೊಳ್ಳುತ್ತೇನೆ. ಬಣ್ಣದ ವೇಷ, ಎಂದರೆ ರಾಕ್ಷಸ ವೇಷ, ಕೇಳಿದವರು ಸ್ವಲ್ಪ ಕಾಯಬೇಕು, ಅದಕ್ಕೆ ಮುಖದ ಮೇಲೆ ಚುಟ್ಟಿಯ ಬಿಳಿ ಚುಕ್ಕಿ ಇಡಲು ಎರಡೂ ಕಣ್ಣು ಬೇಕು. ಮುಂಡಾಸಿನ ವೇಷ ಬೇಕಾದವರು ಬೇಗ ಹೇಳಿ. ದೀಪಾವಳಿ ಕಳೆದರೆ ಮಾವ ಮೇಳಕ್ಕೆ ಹೊರಡುತ್ತಾರೆ.