ಅವ್ವನಿಗೆ ನಂಬರ್ ಕನ್ನಡದಲ್ಲಿ ಹೇಳಿ

ಸಂಪಾದಕರೇ,

ನಮ್ಮ ಅವ್ವನಿಗೆ 78 ವರ್ಷ. ಮಂಡ್ಯದ ಗುತ್ತಲಿನಲ್ಲಿ ಒಬ್ಬಳೇ ಇದ್ದಾಳೆ. ಗ್ಯಾಸ್ ಬುಕ್ ಮಾಡುವುದು ಮೈಸೂರಿನಲ್ಲಿರುವ ನಾನು. ಸಿಲಿಂಡರ್ ತಂದ ಹುಡುಗನಿಗೆ ಹೇಳಬೇಕಾದ ನಾಲ್ಕಂಕಿ ಕೋಡ್ ನನ್ನ ಮೊಬೈಲಿಗೇ ಬರುತ್ತದೆ. ಫೋನಿನಲ್ಲಿ 'ಸೆವೆನ್ ಫೋರ್ ಏಟ್ ತ್ರೀ' ಅನ್ನುತ್ತಿದ್ದೆ. ಅವ್ವ ನಡುಮನೆಯಿಂದ ಬಾಗಿಲಿಗೆ ಹೋಗುವಷ್ಟರಲ್ಲಿ ಎರಡಂಕಿ ಮಾಯ. ಮತ್ತೆ ಫೋನ್. ಹುಡುಗನಿಗೆ ಅವಸರ. ಅವ್ವನಿಗೆ ಮರೆವು ಶುರುವಾಯಿತು ಅಂತ ನಾನು, ನನ್ನ ತಂಗಿ ಸುಮ್ನೆ ದಿಗಿಲು ಬಿದ್ದೆವು. ಡೈರಿಗೆ ಹಾಕಿದ ಹಾಲಿನ ಲೆಕ್ಕವನ್ನು ಚೀಟಿಯಿಲ್ಲದೆ ಹೇಳುತ್ತಿದ್ದವಳು ಅವಳು. 'ಹನ್ನೆರಡು ಮುಕ್ಕಾಲು ಒಂಬತ್ತು' ಅಂತ ಮುಕ್ಕಾಲು ಮಗ್ಗಿ ಇವತ್ತಿಗೂ ಬಾಯಲ್ಲಿದೆ.

ಹೋದ ತಿಂಗಳು ಬಾಯಿತಪ್ಪಿ 'ಐವತ್ತಾರು, ಹದಿನೆಂಟು' ಅಂದೆ. ಒಂದೇ ಸಲಕ್ಕೆ ಹೇಳಿಬಿಟ್ಟಳು. ರಾತ್ರಿ ಕೇಳಿದಾಗಲೂ ನೆನಪಿತ್ತು. 'ಮೊದ್ಲೇ ಇಂಗೆ ಯೋಳಕ್ಕೇನಾಗಿತ್ತು ನಿಂಗೆ?' ಅಂತ ನನಗೇ ಬೈಗುಳ.

ಕೇಳಿದ್ದನ್ನು ಒಳಗೊಳಗೇ ಗುನುಗುತ್ತಾ ನಾವು ಹಿಡಿದಿಟ್ಟುಕೊಳ್ಳುತ್ತೇವೆ. ಸುಮಾರು 2 ಸೆಕೆಂಡಿನಲ್ಲಿ ಹೇಳಿ ಮುಗಿಸುವಷ್ಟು ಮಾತ್ರ ಹಾಗೆ ನಿಲ್ಲುತ್ತದೆ ಅನ್ನುತ್ತಾರೆ ಮನಶ್ಶಾಸ್ತ್ರದವರು. 1980ರಲ್ಲಿ ವೆಲ್ಷ್ (ಬ್ರಿಟನ್ನಿನ ವೇಲ್ಸ್ ನಾಡಿನ ಭಾಷೆ), ಇಂಗ್ಲಿಷ್ ಎರಡೂ ಬಲ್ಲವರನ್ನು ಪರೀಕ್ಷಿಸಿದಾಗ, ಹೇಳಲು ಜಾಸ್ತಿ ಹೊತ್ತು ಹಿಡಿಯುವ ವೆಲ್ಷ್ ಅಂಕಿಗಳು ಕಡಿಮೆ ನೆನಪುಳಿದವು. ಆ ಲೆಕ್ಕಕ್ಕೆ 'ಒಂಬತ್ತು'ಗಿಂತ 'ನೈನ್' ಸುಲಭ ಆಗಬೇಕು, ಅಲ್ವಾ? ಅವ್ವನಿಗೆ ಆಗಲ್ಲ. 'ಏಟ್' ಅಂದರೆ ಎಂಟು ಅಂತ ಅವಳು ತಿರುಗಿಸಿಕೊಳ್ಳುವಷ್ಟರಲ್ಲಿ ಮುಂದಿನದು ಜಾರಿರುತ್ತದೆ. ಗಮನವೆಲ್ಲ ಆ ತರ್ಜುಮೆಗೇ ಖರ್ಚು. ಜೋಡಿ ಮಾಡಿ ಹೇಳಿದ್ದೂ ಅನುಕೂಲವಾಗಿರಬೇಕು. ನಾಲ್ಕು ಬಿಡಿ ಅಂಕಿ ಎರಡೇ ಗಂಟಾದವು. ಅನುಮಾನಕ್ಕೆ ಇನ್ನೊಂದು ಸಲ 'ಮೂರು, ಒಂಬತ್ತು, ಎರಡು, ಏಳು' ಅಂತ ಬಿಡಿಬಿಡಿಯಾಗಿಯೂ ಹೇಳಿ ನೋಡಿದೆ. ಆಗಲೂ ತಪ್ಪಲಿಲ್ಲ.

ನಾನೇನೋ ತಿದ್ದಿಕೊಂಡೆ. ಅವ್ವನ ಖಾತೆಯಿರುವ ಬ್ಯಾಂಕಿನ ಸಹಾಯವಾಣಿ ಕನ್ನಡಕ್ಕೆ ಇಂಥ ನಂಬರ್ ಒತ್ತಿ ಅನ್ನುತ್ತದೆ. ಒತ್ತಿದ ಮೇಲೆ ಮಾತೆಲ್ಲ ಕನ್ನಡ, ದೂರಿನ ಸಂಖ್ಯೆ ಮಾತ್ರ ಇಂಗ್ಲಿಷು. ಅದೂ ಉಸಿರು ಬಿಡದೆ. ಬರೆದುಕೊಳ್ಳಲು ಪೆನ್ನು ಹುಡುಕುವ ಹೊತ್ತಿಗೆ 'ಧನ್ಯವಾದ' ಕೇಳಿಸುತ್ತದೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭಾರತೀಯ ಭಾಷಾ ಸಂಸ್ಥಾನ ಇದೆ, ವಾಕ್ ಮತ್ತು ಶ್ರವಣ ಸಂಸ್ಥೆಯೂ ಇದೆ. ಕನ್ನಡದ ಅಂಕಿಗಳನ್ನು ಎಷ್ಟು ನಿಧಾನವಾಗಿ, ಎಷ್ಟೆಷ್ಟು ಸೇರಿಸಿ ಹೇಳಿದರೆ ವಯಸ್ಸಾದವರಿಗೆ ಹಿಡಿಯಲು ಸುಲಭ ಅಂತ ಬ್ಯಾಂಕಿನವರು ಅಲ್ಲಿ ವಿಚಾರಿಸಲಿ. ಅಲ್ಲಿಯ ತನಕ ಕನ್ನಡದಲ್ಲಿ, ಜೋಡಿಜೋಡಿಯಾಗಿ, ಎರಡು ಸಲ ಹೇಳಿದರೂ ನಮ್ಮ ಅವ್ವನಿಗೆ ಸಾಕು.

— ಒಬ್ಬ ಓದುಗ, ಕುವೆಂಪುನಗರ, ಮೈಸೂರು