ಕೆರೆಯ ಪಾಚಿ ಇದ್ದಿಲಾಗಲಿ, ಹಾಳೆಗೆ ಕಡಲ ಪಾಚಿ ಬರಲಿ

ಮಾನ್ಯ ಸಂಪಾದಕರೇ,

ಕೋರಮಂಗಲ-ಚಲ್ಲಘಟ್ಟ (ಕೆ.ಸಿ.) ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಎರಡನೇ ಹಂತದವರೆಗೆ ಮಾತ್ರ ಶುದ್ಧಿಯಾದ ನೀರಿನಲ್ಲಿ ಸಾರಜನಕ, ರಂಜಕ ಉಳಿದಿರುತ್ತವೆ. ಜೊತೆಗೆ ಬಿಸಿಲೂ ಸಿಕ್ಕರೆ ಪಾಚಿ ಬೆಳೆಯದೆ ಇರದು. ಅದನ್ನು ಬಾಚಿ ಏರಿಯ ಮೇಲೆ ಸುರಿದರೆ ಮಳೆ ಬಿದ್ದ ಕೂಡಲೇ ಆ ರಂಜಕ ಮತ್ತೆ ಕೆರೆಗಿಳಿಯುತ್ತದೆ. ಈ ಪಾಚಿಯಿಂದ ಬಯೋಚಾರ್ (ಮಣ್ಣಿಗೆ ಬೆರೆಸುವ ಇದ್ದಿಲು) ಮಾಡಬಹುದು, ಪ್ಲಾಸ್ಟಿಕ್‌ಗೆ ಬದಲಿ ಹಾಳೆಯನ್ನೂ ಮಾಡಬಹುದು ಎಂಬ ಮಾತು ಕೇಳಿಬರುತ್ತಿದೆ. ಕೆರೆಯ ಪಾಚಿಗೆ ಸರಿಹೊಂದುವುದು ಮೊದಲನೆಯದು ಮಾತ್ರ.

ಇದರಲ್ಲಿ ದೊಡ್ಡ ತೊಡಕು ನೀರೇ. ಬಾಚಿದ 10 ಕಿಲೋ ಹಸಿ ಪಾಚಿಯಲ್ಲಿ ಒಣ ಪದಾರ್ಥ ಒಂದು ಕಿಲೋ ಸಿಕ್ಕರೆ ಹೆಚ್ಚು. ಉಳಿದ 9 ಕಿಲೋ ನೀರನ್ನು ಆವಿ ಮಾಡಲು ಸುಮಾರು 23 ಮೆಗಾಜೌಲ್ ಶಾಖ ಬೇಕು. ಆ ಒಂದು ಕಿಲೋ ಒಣ ಪಾಚಿಯನ್ನು ಪೂರ್ತಿ ಸುಟ್ಟರೂ ಅಷ್ಟು ಶಾಖ ಬರುವುದಿಲ್ಲ. ಆದ್ದರಿಂದ ಬಿಸಿಲಲ್ಲಿ ಒಣಗಿಸುವುದು ಬಿಟ್ಟರೆ ಅಗ್ಗದ ದಾರಿಯಿಲ್ಲ. ಮರಳಿನ ಹಾಸಿನ ಮೇಲೆ ಎರಡು ಮೂರು ಇಂಚು ದಪ್ಪಕ್ಕೆ ಹರಡಿ, ದಿನಕ್ಕೊಮ್ಮೆ ಮಗುಚಬೇಕು. ಅದಕ್ಕಿಂತ ದಪ್ಪವಾದರೆ ಮೇಲೆ ಹೊಪ್ಪಳೆ ಕಟ್ಟಿ ಒಳಗೆ ಕೊಳೆತು ನಾರುತ್ತದೆ. ಹಾಸಿನಿಂದ ಇಳಿದ ನೀರು ಕೆರೆಗೆ ಮರಳದಂತೆ ಪ್ರತ್ಯೇಕ ಗುಂಡಿ ಇರಲಿ.

ಎಳೆಎಳೆಯಾದ ಹಾವಸೆಯನ್ನು ಕುಂಟೆಯಿಂದ ಎಳೆದು ಹಿಂಡಬಹುದು. ನೀರಿಗೆ ಹಸಿರು ಬಣ್ಣ ಕಲಸಿದಂತೆ ಕಾಣುವ ಮೈಕ್ರೊಸಿಸ್ಟಿಸ್ ಎಂಬ ಸೂಕ್ಷ್ಮ ಪಾಚಿಯ ವಿಷಯದಲ್ಲಿ ಎಚ್ಚರ ಬೇಕು. ಅದರ ಮೈಕ್ರೊಸಿಸ್ಟಿನ್ ವಿಷ ಯಕೃತ್ತಿಗೆ ಹಾನಿಕರ, ಕುದಿಸಿದರೂ ಒಣಗಿಸಿದರೂ ಹೋಗದು. ದನಕರುಗಳಿಗೆ ಮೇವಾಗಿ ಹಾಕಬಾರದು, ಒಣಪುಡಿ ಮಗುಚುವವರು ಮಾಸ್ಕ್ ಧರಿಸಬೇಕು. ಪಾಚಿ ಸಾಯಲಿ ಎಂದು ಕೆರೆಗೆ ಮೈಲುತುತ್ತು ಸುರಿಯುವುದಂತೂ ಬೇಡವೇ ಬೇಡ: ಜೀವಕೋಶ ಒಡೆದು ವಿಷವೆಲ್ಲ ಒಮ್ಮೆಲೇ ನೀರಿಗೆ ಸೇರುತ್ತದೆ.

ಗಾಳಿಯಾಡದಂತೆ 400ರಿಂದ 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಆ ವಿಷ ನಾಶವಾಗುತ್ತದೆ. ಒಣ ಪಾಚಿಯನ್ನಷ್ಟೇ ಡ್ರಮ್ಮಿಗೆ ತುಂಬಿದರೆ ಪುಡಿ ಅಡಕವಾಗಿ ಕೂತು ಅನಿಲಕ್ಕೆ ದಾರಿ ಸಿಗದೆ ಅರ್ಧ ಹಸಿಯಾಗಿಯೇ ಉಳಿಯುತ್ತದೆ. ಕೋಲಾರದಲ್ಲಿ ಹಿಪ್ಪುನೇರಳೆ ಕಡ್ಡಿಗೆ ಬರವಿಲ್ಲ. ಪಾಚಿಯ ತೂಕದ ಮೂರು ಪಟ್ಟು ಕಡ್ಡಿ ಬೆರೆಸಿದರೆ ಶಾಖ ಸಮನಾಗಿ ಹಬ್ಬುತ್ತದೆ. ದಟ್ಟವಾದ ಬಿಳಿ-ಹಳದಿ ಹೊಗೆ ತೆಳುವಾಗಿ ನೀಲಿಗೆ ತಿರುಗಿದಾಗ ಮುಚ್ಚಳ ಭದ್ರಪಡಿಸಿ. ಪೂರ್ತಿ ಆರುವ ಮೊದಲು ತೆರೆದರೆ ಕೈಗೆ ಸಿಗುವುದು ಬೂದಿ.

ಹೀಗೆ ಬಂದ ಇದ್ದಿಲಿನಲ್ಲಿ ಮರದ ಇದ್ದಿಲಿಗಿಂತ ಇಂಗಾಲ ಕಡಿಮೆ, ಬೂದಿ, ರಂಜಕ, ಪೊಟ್ಯಾಶ್ ಹೆಚ್ಚು, ಗುಣ ಕ್ಷಾರೀಯ. ಮಲೆನಾಡಿನ ಹುಳಿ ಮಣ್ಣಿಗೆ ಇದು ಒಳ್ಳೆಯದು, ಕರಲು ಜಮೀನಿಗೆ ಬೇಡ. ಒಂದು ಪಾಲು ಇದ್ದಿಲಿಗೆ ಮೂರು ನಾಲ್ಕು ಪಾಲು ಕಾಂಪೋಸ್ಟ್ ಬೆರೆಸಿ ಎರಡು ಮೂರು ವಾರ ಬಿಟ್ಟು ಹಾಕಬೇಕು. ಹಾಗೇ ಚೆಲ್ಲಿದರೆ ಬೆಳೆಗೆ ಸಿಗಬೇಕಾದ ಸಾರಜನಕವನ್ನು ಅದು ಹಿಡಿದಿಟ್ಟುಕೊಳ್ಳಬಹುದು.

ಭಾರಲೋಹದ ಪರೀಕ್ಷೆಯನ್ನು ಇದ್ದಿಲಿನ ಮೇಲೆಯೇ ಮಾಡಬೇಕು. ಸುಟ್ಟಾಗ ತೂಕ ಅರ್ಧಕ್ಕಿಳಿದರೂ ಕ್ರೋಮಿಯಂನಂಥ ಲೋಹ ಎಲ್ಲೂ ಹೋಗುವುದಿಲ್ಲ: ಡ್ರಮ್ಮಿಗೆ ತುಂಬಿದ ಮಿಶ್ರಣದಲ್ಲಿ ಕಿಲೋಗೆ 30 ಮಿಲಿಗ್ರಾಂ ಕ್ರೋಮಿಯಂ ಇದ್ದದ್ದು ಇದ್ದಿಲಿನಲ್ಲಿ 60 ಆಗುತ್ತದೆ. ರಸಗೊಬ್ಬರ ನಿಯಂತ್ರಣ ಆದೇಶ ಕಾಂಪೋಸ್ಟಿಗೆ ಇಟ್ಟಿರುವ ಮಿತಿ ಕಿಲೋಗೆ 50 ಮಿಲಿಗ್ರಾಂ.

ಇನ್ನು ಹಾಳೆಯ ಮಾತು. ಆಹಾರಕ್ಕೆ ತಾಗುವ ವಸ್ತುವಿಗೆ ಕೊಳಚೆ ಮೂಲದ ಪಾಚಿ ಬೇಡ. ಅದಕ್ಕೆ ಸರ್ಗ್ಯಾಸಮ್‌ನಂಥ ಕಂದು ಕಡಲ ಪಾಚಿ ಇದೆ. ಸಿಹಿನೀರಿನಲ್ಲಿ ತೊಳೆದು, ಶೇ 2-4ರ ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ 60-80 ಡಿಗ್ರಿಯಲ್ಲಿ ಬೇಯಿಸಿ, ಸೋಸಿ, ಆಲ್ಕೊಹಾಲ್ ಹಾಕಿದರೆ ಸೋಡಿಯಂ ಆಲ್ಜಿನೇಟ್ ಎಂಬ ಅಂಟು ಪದಾರ್ಥ ಬೇರ್ಪಡುತ್ತದೆ. ಅದರ ಶೇ 2ರ ದ್ರಾವಣಕ್ಕೆ, ಆಲ್ಜಿನೇಟಿನ ತೂಕದ ಮೂರನೇ ಒಂದರಷ್ಟು ಗ್ಲಿಸರಿನ್ ಸೇರಿಸಿ ತಟ್ಟೆಯಲ್ಲಿ ಒಣಗಿಸಿ, ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ಅದ್ದಿದರೆ ಹಾಳೆ ಗಟ್ಟಿಯಾಗುತ್ತದೆ. ಗ್ಲಿಸರಿನ್ ಕಡಿಮೆಯಾದರೆ ಬಿರುಕು, ಹೆಚ್ಚಾದರೆ ಅಂಟಂಟು. ಮಳೆಗಾಲದ ತೇವಕ್ಕೆ ಈ ಹಾಳೆ ಉಬ್ಬುತ್ತದೆ; ಒಣ ಪದಾರ್ಥ ಕಟ್ಟಲು ಆದೀತು, ಹಾಲಿನ ಪೊಟ್ಟಣಕ್ಕೆ ಆಗದು.

ಕೆರೆ ಪಾಚಿ ತೆಗೆಸುವ ಟೆಂಡರಿನಲ್ಲೇ ಒಣಗಿಸುವ ಜಾಗ, ಇದ್ದಿಲಿನ ಲೋಹ ಪರೀಕ್ಷೆ, ಇದ್ದಿಲು ಸೇರಬೇಕಾದ ಜಮೀನು ಈ ಮೂರನ್ನೂ ಷರತ್ತಾಗಿ ಬರೆಯುವಂತೆ ಜಿಲ್ಲಾಡಳಿತವನ್ನು ಕೋರುತ್ತೇವೆ. ಆ ಜಮೀನು ಕೆರೆಯ ಏರಿಯಿಂದ, ಕಾಲುವೆಗಳಿಂದ ದೂರವಿರಲಿ.

– ಕೆರೆ ನೀರು ಮತ್ತು ಮಣ್ಣಿನ ಪರೀಕ್ಷೆಯಲ್ಲಿ ತೊಡಗಿರುವ ಓದುಗರು, ಕೋಲಾರ