ಡಯಾಲಿಸಿಸ್ ರೋಗಿಗೆ ‘ಮೂರು ತಿಂಗಳ ಶುಗರ್’ ಒಂದೇ ಸಾಲದು

ಮಾನ್ಯ ಸಂಪಾದಕರೇ,

ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಬಂದು 22 ವರ್ಷವಾಯಿತು. ಎರಡು ವರ್ಷದಿಂದ ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೂ ನಾಲ್ಕು ಗಂಟೆ ಡಯಾಲಿಸಿಸ್. ಬೆರಳು ಚುಚ್ಚಿ ಶುಗರ್ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡುವವಳು ನಾನು. ಈ ಪತ್ರಕ್ಕೆ ಆ ನೋಟ್‌ಬುಕ್ಕೇ ಕಾರಣ.

ಕಳೆದ ಸಲ ಅವರ ಎಚ್‌ಬಿಎ1ಸಿ, ಅಂದರೆ ‘ಮೂರು ತಿಂಗಳ ಶುಗರ್’ ಎನ್ನುವ ರಕ್ತಪರೀಕ್ಷೆ, 5.8 ಬಂತು. ಅಂದರೆ ಸರಾಸರಿ ಶುಗರ್ ಸುಮಾರು 120. ರಿಪೋರ್ಟ್ ನೋಡಿದವರೆಲ್ಲ ‘ತುಂಬಾ ಚೆನ್ನಾಗಿದೆ’ ಅಂದರು. ನನಗೂ ಖುಷಿಯಾಯಿತು. ಮನೆಗೆ ಬಂದು ನೋಟ್‌ಬುಕ್ ತೆರೆದರೆ ಊಟವಾದ ಮೇಲಿನ ಲೆಕ್ಕ 240, 265, 228. ಮೀಟರ್ ಕೆಟ್ಟಿರಬೇಕು ಅಂತ ಹೊಸದು ತಂದೆ. ಅದೂ ಅಷ್ಟೇ ತೋರಿಸಿತು.

ಕಿಡ್ನಿ ಡಾಕ್ಟರು ನೋಟ್‌ಬುಕ್ ನೋಡಿ ಬಿಡಿಸಿ ಹೇಳಿದರು. ರಕ್ತದ ಕೆಂಪು ಕಣಗಳಿಗೆ ಎಷ್ಟು ಸಕ್ಕರೆ ಅಂಟಿದೆ ಎಂದು ಅಳೆಯುವುದೇ ಎಚ್‌ಬಿಎ1ಸಿ. ಆರೋಗ್ಯವಂತರಲ್ಲಿ ಆ ಕಣಗಳು ಸುಮಾರು 120 ದಿನ ಬದುಕುತ್ತವೆ. ಕಿಡ್ನಿ ಸೋತವರಲ್ಲಿ ಬೇಗ ಸಾಯುತ್ತವೆ. ಮೇಲಿಂದ ರಕ್ತ ಹೆಚ್ಚಲು ಕೊಡುವ ಎರಿಥ್ರೋಪೊಯೆಟಿನ್ ಇಂಜೆಕ್ಷನ್‌ನಿಂದ ಹೊಸ ಕಣಗಳು ಹುಟ್ಟುತ್ತಿರುತ್ತವೆ. ಹೊಸ ಕಣಗಳಿಗೆ ಸಕ್ಕರೆ ಅಂಟಲು ಸಮಯ ಸಿಕ್ಕಿರುವುದಿಲ್ಲ. ಈಗಷ್ಟೇ ಹಾಕಿಕೊಂಡ ಅಂಗಿಯಲ್ಲಿ ಧೂಳು ಕಡಿಮೆ ಇರುತ್ತದೆ ಅಲ್ವಾ? ಅದರಿಂದ ಬೀದಿಯಲ್ಲಿ ಧೂಳಿಲ್ಲ ಅನ್ನಲಾಗದು. ಸಾಲದ್ದಕ್ಕೆ ಪರೀಕ್ಷೆಗೆ ಒಂದು ತಿಂಗಳ ಮುಂಚೆ ಇವರಿಗೆ ಎರಡು ಬಾಟಲಿ ರಕ್ತ ಕೊಟ್ಟಿದ್ದರು. ಬೇರೆಯವರ ಕಣಗಳೂ ಆ 5.8ರಲ್ಲಿ ಸೇರಿದ್ದವು!

ನನಗೆ ಜಾಸ್ತಿ ಭಯ ಹುಟ್ಟಿಸಿದ್ದು ಇದಲ್ಲ. ಒಂದು ರಾತ್ರಿ ಮೂರು ಗಂಟೆಗೆ ಅವರು ಬೆವರಿ ಒದ್ದೆಯಾಗಿದ್ದರು, ಮಾತು ತೊದಲುತ್ತಿತ್ತು. ಶುಗರ್ 54. ಇನ್ಸುಲಿನ್ನನ್ನು ದೇಹದಿಂದ ಹೊರಹಾಕುವ ಕೆಲಸದಲ್ಲಿ ಕಿಡ್ನಿಗೂ ದೊಡ್ಡ ಪಾಲಿದೆಯಂತೆ. ಅದು ಸೋತರೆ ಹಳೆಯ ಡೋಸೇ ಹೆಚ್ಚು ಹೊತ್ತು ಕೆಲಸ ಮಾಡುತ್ತದೆ. ಹಗಲಿನ 265, ರಾತ್ರಿಯ 54, ಎರಡನ್ನೂ ಆ ಒಂದು ಅಂಕಿ ಮುಚ್ಚಿಟ್ಟಿತ್ತು.

ಗ್ಲೈಕೇಟೆಡ್ ಆಲ್ಬುಮಿನ್ ಎಂಬ ಇನ್ನೊಂದು ಪರೀಕ್ಷೆ ಇದೆ. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿದ ಸಕ್ಕರೆಯನ್ನು ಅದು ಅಳೆಯುತ್ತದೆ. ಹಿಂದಿನ ಎರಡು ಮೂರು ವಾರದ ಶುಗರ್ ಹೇಳುತ್ತದೆ, ಕೆಂಪು ಕಣದ ಆಯಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಹಾಗಂತ ಅದೂ ಪೂರ್ತಿ ಸರಿ ಅಲ್ಲ. ಮೂತ್ರದಲ್ಲೋ ಹೊಟ್ಟೆಯೊಳಗೆ ದ್ರವ ತುಂಬಿ ಮಾಡುವ ಡಯಾಲಿಸಿಸ್‌ನ ನೀರಿನಲ್ಲೋ ಪ್ರೋಟೀನ್ ಹೆಚ್ಚು ಹೋಗುವವರಲ್ಲಿ ಅದೂ ಕಡಿಮೆ ತೋರಿಸಬಹುದು. ಚರ್ಮಕ್ಕೆ ಅಂಟಿಸುವ ಸೆನ್ಸರ್ ಇಡೀ ದಿನದ ಏರಿಳಿತ ತೋರಿಸುತ್ತದೆ. ಅದು ಆಗದಿದ್ದರೆ ಬೆರಳು ಚುಚ್ಚಿ ಬರೆದ ಲೆಕ್ಕವಾದರೂ ಇರಲೇಬೇಕು.

ಲ್ಯಾಬ್‌ನವರಲ್ಲಿ ನನ್ನದೊಂದು ಕೋರಿಕೆ. ಫಾರಂನಲ್ಲಿ ಹೆಸರು, ವಯಸ್ಸು ಕೇಳಿದಿರಿ. ಡಯಾಲಿಸಿಸ್ ಇದೆಯಾ, ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದಾರಾ ಅಂತಲೂ ಕೇಳಿ. ‘ಈ ರೋಗಿಯಲ್ಲಿ ಅಂಕಿ ಕಡಿಮೆ ಬಂದಿರಬಹುದು’ ಎಂದು ರಿಪೋರ್ಟಿನ ಕೆಳಗೆ ಒಂದು ಸಾಲು ಹಾಕಿ. ನನ್ನ ಹಾಗೆ ರೋಗಿಯನ್ನು ನೋಡಿಕೊಳ್ಳುವವರೇ, ರಿಪೋರ್ಟಿನ ಜೊತೆ ನೋಟ್‌ಬುಕ್ಕನ್ನೂ ಡಾಕ್ಟರ ಮುಂದಿಡಿ. ನೀವಾಗಿಯೇ ಡೋಸ್ ಬದಲಿಸಬೇಡಿ.

ನಮ್ಮವರಿಗೆ ರಾತ್ರಿಯ ಇನ್ಸುಲಿನ್ ಇಳಿಸಿ, ಊಟದ ಹೊತ್ತಿನದನ್ನು ಡಾಕ್ಟರು ಬದಲಿಸಿದ್ದಾರೆ. ನಿನ್ನೆ ರಾತ್ರಿ ಮೂರಕ್ಕೆ ಎದ್ದು ನೋಡಿದೆ. 118 ಇತ್ತು.

– ಡಯಾಲಿಸಿಸ್ ರೋಗಿಯೊಬ್ಬರ ಪತ್ನಿ